ಗ್ಯಾರಂಟಿ ಜೋಡಿ

"ಗ್ಯಾರಂಟಿ ಜೋಡಿ ಕಣಕ್ಕಾ" ಅಂದಿದ್ದ
ಚಿಂತಾಮಣಿ ಸಂತೆಯ ಹುಡುಗ,
ಚಪ್ಪಲಿ ಡಬ್ಬಿಗೆ ತೂತು ಕೊರೆದು ದಾರ ಬಿಗಿಯುತ್ತ.
ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.
ಅರ್ಧ ದಾರಿ ಒಳಗೆ ಸದ್ದೇ ಇಲ್ಲ,
ಉಳಿದರ್ಧ ಬರೇ ಜಗಳ.

ನಾನು ಶಿಡ್ಲಘಟ್ಟದ ಬಿತ್ತನೆ ಕೋಠಿಯಲ್ಲಿ
ಹದಿನೆಂಟು ವರ್ಷ ಗಂಡು ಹೆಣ್ಣು ಬೇರೆ ಮಾಡಿದವಳು.
ಪ್ಯೂಪ ಮಗುಚಿ ಹೊಟ್ಟೆ ನೋಡಿದರೆ ಸಾಕು:
ಗುಣಿಸುವ ಗೀಟಿದ್ದರೆ ಹೆಣ್ಣು, ಚುಕ್ಕೆಯಿದ್ದರೆ ಗಂಡು,
ಈ ತಟ್ಟೆ, ಆ ತಟ್ಟೆ.
ಲವ್ ಬರ್ಡ್ಸ್ ಮಗುಚಿದರೆ
ಬರೇ ಪುಕ್ಕ, ಮತ್ತೆ
ಹೆಬ್ಬೆರಳಿಂದ ರಕ್ತ.

ಕಚ್ಚಿದ್ದಕ್ಕೆ ಸುಬೇದಾರ ಅಂತ ಹೆಸರಿಟ್ಟೆ.
ಇನ್ನೊಂದು ಪದ್ದಕ್ಕ.
ಮೊದಲ ವಾರ ಒಂದರ ಕಾಲು ಒಂದು ಹಿಡಿದೆಳೆದವು.
ತಟ್ಟೆ ಎರಡಿಟ್ಟರೂ
ಇಬ್ಬರಿಗೂ ಬೇಕಾದ್ದು ಆ ಒಂದು ತಟ್ಟೆಯ ನವಣೆ.
ಹಬ್ಬದ ಹಿಂದಿನ ರಾತ್ರಿ ಕರೆಂಟು ಹೋಯಿತು.
ಬಂದಾಗ ನೋಡುತ್ತೇನೆ,
ಕೋಲಿನುದ್ದ ಜಾಗವಿದ್ದರೂ
ಒಂದೇ ತುದಿಯಲ್ಲಿ ಒತ್ತಿಕೊಂಡಿವೆ.

ಆಮೇಲೆ ಸುಬೇದಾರ ತಲೆ ಮೇಲೆ ಕೆಳಗೆ ಆಡಿಸಿ
ಹೊಟ್ಟೆಯಿಂದ ಕಾಳೆತ್ತಿ ಪದ್ದಕ್ಕನ ಕೊಕ್ಕಿಗಿಟ್ಟ.
ಮಾರನೇ ದಿನ ಪದ್ದಕ್ಕ ಸುಬೇದಾರನಿಗೆ.
ಕೈ ಬದಲಾಗುತ್ತಿದ್ದದ್ದನ್ನು ನಾನು ಗಮನಿಸಲಿಲ್ಲ.
ಪಕ್ಕದ ಮನೆಯ ಖಮರುನ್ನೀಸಾ ಕೆನ್ನೆಗೆ ಕೈಯಿಟ್ಟು
"ನಮ್ಮೋರಿಗೆ ಇದನ್ನ ತೋರಿಸ್ಬೇಕು" ಅಂದಳು.

ಮಡಕೆ ಕಟ್ಟಿದೆ.
ಕ್ಯಾಲೆಂಡರಿನ ಜೂನ್ ತಿಂಗಳು ಮಾಯ.
ಉದ್ದುದ್ದ ಸೀಳು, ಕತ್ತರಿ ಹಿಡಿದಂತೆ ನೇರ,
ಬೆನ್ನ ಕೆಳಗಿನ ಪುಕ್ಕಕ್ಕೆ ಸಿಕ್ಕಿಸಿಕೊಂಡು
ಇಬ್ಬರೂ ಮಡಕೆಗೆ ಹೊತ್ತರು.
ಎರಡು ದಿನಕ್ಕೊಂದು ಮೊಟ್ಟೆ ಅಂತ ಕೇಳಿದ್ದೆ.
ಒಂದೇ ಬೆಳಿಗ್ಗೆ ಎರಡು.
ಆ ವಾರ ಐದು.
ಕೊನೆಗೆ ಹತ್ತು.

ಮೂವತ್ತು ದಿನ ಕೂತರು, ಸರದಿ ಬಿಡದೆ.
ಫಿಲೇಚರ್ ಇಲಿಯಾಸ್ ಸಾಬರು ತಾರಸಿಯಲ್ಲಿ ನಲವತ್ತು ಹಕ್ಕಿ ಸಾಕಿದವರು,
ಬಂದು, ಮೊಬೈಲ್ ಟಾರ್ಚಿಗೆ ಮೊಟ್ಟೆ ಹಿಡಿದರು.
ಬರೇ ಹಳದಿ.
ನೂಲಿನಷ್ಟು ಕೆಂಪು ನರ ಇಲ್ಲ.
"ಕಾಗದ ಸಿಕ್ಕಿಸ್ಕೊಳ್ಳೋದು ಯಾವ್ದಮ್ಮಾ?"
"ಎರಡೂ."
ನಕ್ಕರು. "ಹಂಗಾದ್ರೆ ಎರಡೂ ಹೆಣ್ಣು.
ಒಂದನ್ನ ನಂಗೆ ಕೊಡಿ, ನಮ್ಮದೊಂದು ಗಂಡು ಬಿಡ್ತೀನಿ.
ನಾಲ್ಕು ದಿನ ಕೂಗಾಡ್ತವೆ,
ಆಮೇಲೆ ಏನಿಲ್ಲ."

ನಾಲ್ಕು ದಿನ.
ಕೋಠಿಯಲ್ಲಿ ನಾವು ಪತಂಗಕ್ಕೆ ಕೊಡುತ್ತಿದ್ದದ್ದು ಮೂರು ಗಂಟೆ.
ಗಡಿಯಾರ ನೋಡಿ, ಬಾಲದ ಹತ್ತಿರ ಎರಡು ಬೆರಳು,
ಎಳೆಯಬಾರದು, ಸ್ವಲ್ಪ ತಿರುಚಬೇಕು,
ಬಿಟ್ಟುಕೊಡುತ್ತವೆ.
ಗಂಡು ಫ್ರಿಜ್ಜಿಗೆ, ನಾಳೆ ಇನ್ನೊಂದು ಸಲಕ್ಕೆ.
ಹೆಣ್ಣು ಕರಿ ಡಬ್ಬಿಯಡಿಗೆ, ಮೊಟ್ಟೆಗೆ.
ರೆಕ್ಕೆಯ ಪುಡಿ ನನ್ನ ಎದೆಗಿಳಿಯಿತು.
ಕೆಮ್ಮು ನಿಲ್ಲದೆ ಕೆಲಸ ಬಿಟ್ಟೆ,
ಬೆರಳು ಮಾತ್ರ ಈಗಲೂ
ಬೀನ್ಸ್ ನಾರು ತೆಗೆಯುವಾಗ ಹಾಗೇ ತಿರುಚುತ್ತವೆ.

ಆದರೂ ಆಸೆ. ಮರಿ ನೋಡುವ ಆಸೆ.
ಟವೆಲಿನಲ್ಲಿ ಪದ್ದಕ್ಕನನ್ನು ಹಿಡಿದು
ಬಚ್ಚಲ ಪಕ್ಕದ ಕೋಣೆಗೆ ಒಯ್ದೆ, ಅಭ್ಯಾಸವಾಗಲಿ ಅಂತ.
ಇಲ್ಲಿಂದೊಂದು ಕೂಗು, ಅಲ್ಲಿಂದೊಂದು.
ರಾತ್ರಿ ಎರಡೂ ಸುಮ್ಮನಾದವು.
ನನಗೆ ಕೆಮ್ಮು ಬಂತು.
ತಕ್ಷಣ ಆ ಕೋಣೆಯಿಂದ ಒಂದು ಉತ್ತರ,
ಈ ಗೂಡಿನಿಂದ ಒಂದು.
ಮತ್ತೆ ಕೆಮ್ಮಿದೆ. ಮತ್ತೆ ಉತ್ತರ.

ಎದ್ದು ದೀಪ ಹಾಕಿದೆ.

ಇಲಿಯಾಸ್ ಸಾಬರು ಭಾನುವಾರ ಗಂಡನ್ನು ತಂದರು,
ಒಳ್ಳೆ ಹಕ್ಕಿ, ನೀಲಿ.
ಚಹಾ ಕುಡಿದು, ಗೂಡು ನೋಡಿ,
ವಾಪಸ್ಸು ತಗೊಂಡು ಹೋದರು.
"ಮೊಟ್ಟೆ ತೆಗೀಬೇಡಿ" ಅಂದರು ಮೆಟ್ಟಿಲಿಳಿಯುತ್ತ,
"ತೆಗೆದ್ರೆ ಮತ್ತೆ ಇಡ್ತವೆ, ಮೈ ಸೋಲತ್ತೆ.
ಬೇಜಾರಾದಾಗ ಅವೇ ಏಳ್ತವೆ."

ಇನ್ನೂ ಎದ್ದಿಲ್ಲ.
ಜುಲೈ ತಿಂಗಳು ಅರ್ಧ ಉಳಿದಿದೆ ಗೋಡೆಯ ಮೇಲೆ.
ಸುಬೇದಾರ ಅಂತ ಕರೆದರೆ
ಮಡಕೆಯ ಬಾಯಿಂದ
ತಲೆ ಹೊರಗಿಟ್ಟು
ನೋಡುತ್ತಾಳೆ.