ಬದಲಿ ಪಾಳಿ

ಇಪ್ಪತ್ತೊಂದೇ ದಿನಕ್ಕೆ ಬಾಡಿಗೆ ಈ ಶೆಡ್ಡು.
ಗೋಡೆಗೆ ಮೊಳೆ ಹೊಡೆಯಕೂಡದು,
ನೆಲದ ಎಣ್ಣೆ ಒರೆಸಕೂಡದು:
ಕಲೆಯೂ ಕಲೆಯೇ, ಅಂದರು ಕ್ಯುರೇಟರ್ ಮೇಡಂ.
ಅವರಿಗೆ ಕನ್ನಡ ಬಾರದು,
ಮಾತು ಹೀಗೆ ಕೂಡಿಕೊಂಡದ್ದು ನನ್ನ ತಲೆಯಲ್ಲಿ.

ನನ್ನ ಕೆಲಸ ಚೀಟಿ ಬರೆಯುವುದು.
ಲಾಳಿ. ಮರ, ಉಕ್ಕಿನ ಮೊನೆ.
ಹಾಜರಿ ಬಿಲ್ಲೆ. ಹಿತ್ತಾಳೆ. ನಂಬರು ಅಳಿಸಿದೆ.
ಊಟದ ಡಬ್ಬಿ. ಯಾರದೋ ಗೊತ್ತಿಲ್ಲ.
ಎರಡು ಸಾಲು ಮೀರಬಾರದು,
ನಿಂತು ಓದುವವರ ಕಾಲು ನೋಯುತ್ತದಂತೆ,
ಎಂಟೆಂಟು ತಾಸು ನಿಂತೇ ನೇಯ್ದವರ ನೆಲದಲ್ಲಿ.

ಹೊರಗೆ ಚಿಮಣಿ. ಅದರ ಬೆನ್ನಿಗೆ
ಐವತ್ತೆರಡು ಮಹಡಿಯ ಗಾಜು.
ಗಾಜಿನ ಬಿಲ್ಡರನೇ ನಮಗೆ ಕರೆಂಟು ಕೊಟ್ಟವನು,
ಸಮೋಸಾ ಕೂಡ.
ಆಮೇಲೆ ಇಲ್ಲಿ ಅವನ ಕಾರುಗಳು ನಿಲ್ಲುತ್ತವೆ.

ಅಪ್ಪ ಇದೇ ಗೇಟಿನೆದುರು ಆರು ವರ್ಷ ಬದಲಿ.
ಬೆಳಗಿನ ಭೋಂಗಾಕ್ಕೆ ಮೊದಲೇ
ಪಾಸು ಹಿಡಿದು ನಿಲ್ಲುವುದು,
ಒಳಗಿನವರಲ್ಲಿ ಯಾರಿಗಾದರೂ ಜ್ವರ ಬಂತೇ ಎಂದು ಕಾಯುವುದು.
ಬಂದರೆ ಅವನ ಮಗ್ಗ, ಅವನ ಜಾಗ, ಒಂದು ದಿನದ ಪಗಾರ.
ಬರದಿದ್ದರೆ ಕಾಳಾಚೌಕಿಗೆ ಕಾಲೆಳೆಯುವುದು.
ನಾವು ಉಂಡದ್ದು
ಇನ್ನೊಬ್ಬರ ಜ್ವರದಲ್ಲಿ ಬೆಂದ ಅನ್ನ.

ಈಗ ಈ ಶೆಡ್ಡೇ ಬದಲಿಗೆ ನಿಂತಿದೆ.
ಯಾರ ಬದಲಿಗೆ,
ಯಾರು ಹುಷಾರಿಲ್ಲದೆ ಮಲಗಿದ್ದಾರೆ,
ಬರೆಯಲು ಎರಡು ಸಾಲು ಸಾಲದು.

ಮೂಲೆಯ ಸ್ಪೀಕರಿನಲ್ಲಿ ಮಗ್ಗಗಳ ಸದ್ದು,
ಇಚಲಕರಂಜಿಯಿಂದ ತುಂಬಿಕೊಂಡು ತಂದದ್ದು.
ಬಂದವರ ಮಾತಿಗೆ ಅಡ್ಡಿಯಾಗದಿರಲೆಂದು
ತುಸು ಸಣ್ಣ ಮಾಡಿದ್ದಾರೆ.

ಮೊದಲ ಸಂಜೆ ಇಬ್ಬರು ಮುದುಕರು ಬಂದರು,
ಅಕ್ಕಲಕೋಟೆ ಕಡೆಯ ಸಿದ್ರಾಮ ಬಿರಾಜದಾರ,
ಲಾಲಬಾಗಿನ ದಗಡೂ ಶೆಲಾರ್.
ಮುಟ್ಟಬೇಡಿ ಎಂದು ನಾನೇ ಬರೆದಿಟ್ಟ ಮೇಜಿನಿಂದ
ಸಿದ್ರಾಮ ಲಾಳಿ ಎತ್ತಿಕೊಂಡ.
ಅದರ ಸಣ್ಣ ಕಣ್ಣಿಗೆ ಬಾಯಿಟ್ಟು
ಉಸಿರೆಳೆದು ಹೀರಿದ.
ಹಾಗೆ ಹೀರಿದರೇ ನೂಲು ಹೊರಬರುವುದು,
ಹತ್ತಿಯ ಧೂಳೂ ಒಳಹೋಗುವುದು.

ತಲೆಯೆತ್ತಿದ.
ಆ ಗೋಡೆಯ ಬಳಿ ನಿಂತಿದ್ದ ಶೆಲಾರನಿಗೆ
ಏನೋ ಹೇಳಿದ, ದನಿಯಿಲ್ಲದೆ,
ತುಟಿಯನ್ನಷ್ಟೇ ದೊಡ್ಡದಾಗಿ ಬಿಚ್ಚಿ.
ಶೆಲಾರ ಅಲ್ಲಿಂದಲೇ ಉತ್ತರಿಸಿದ.
ನೂರಾರು ಮಗ್ಗ ಒದರುವಲ್ಲಿ ಕಲಿತ ಮಾತು ಅದು;
ಕಣ್ಣೇ ಅಲ್ಲಿ ಕಿವಿ.

ಜನ ಸರಿದು ದಾರಿ ಬಿಟ್ಟರು.
ಫೋನುಗಳು ಮೇಲೆದ್ದವು.
ಆಮೇಲೆ ಚಪ್ಪಾಳೆ.
ಬಿಳಿ ಅಂಗಿಯವನೊಬ್ಬ ನನ್ನನ್ನು ಕೇಳಿದ:
ಮುಂದಿನ ಷೋ ಎಷ್ಟು ಗಂಟೆಗೆ?

ನನಗೆ ಆ ಮಾತು ಬರುತ್ತದೆ.
ಒಂದೇ ಖೋಲಿಯಲ್ಲಿ
ಮಲಗಿದ ತಮ್ಮ ಏಳದಿರಲೆಂದು
ಅಪ್ಪ ನನ್ನನ್ನು ಬೈಯುತ್ತಿದ್ದುದು ಹೀಗೆಯೇ.
ಅಷ್ಟು ಮೆಲ್ಲಗೆ ಆಮೇಲೆ ಯಾರೂ ನನ್ನನ್ನು ಬೈದಿಲ್ಲ.

ಏನಂದರು, ಏನಂದರು, ಮೇಡಂ ಪೆನ್ನು ತೆಗೆದರು.

ನೂಲಿಲ್ಲವೋ ಇದರಲ್ಲಿ.
ಬಾಯಿ ಒರೆಸಿಕೋ, ಧೂಳು.
ನಿನ್ನ ಮೊಣಕಾಲು?
ಇದೆ.
ಸಮೋಸಾ ತಿಂದೆಯಾ?
ಎರಡು. ಒಂದು ಕಿಸೆಯಲ್ಲಿದೆ.

ಕಾಣಿಸಲಿಲ್ಲ ಮೇಡಂ, ಅಂದೆ.

ಇಪ್ಪತ್ತೆರಡನೆಯ ಬೆಳಿಗ್ಗೆ
ಮರೆತುಬಂದ ಕತ್ತರಿಗಾಗಿ ಹೋದೆ.
ಗೇಟಿನವನು ಪಾಸು ನೋಡಿದ:
ಇದು ನಿನ್ನೆಗೇ ಮುಗಿಯಿತಲ್ಲ ತಾಯಿ.

ನಿಂತೆ. ಒಳಗೆ ಗಮ್‌ಬೂಟಿನ ಹುಡುಗನೊಬ್ಬ
ಪೈಪು ಹಿಡಿದು ನೆಲ ತೊಳೆಯುತ್ತಿದ್ದ,
ಎಣ್ಣೆ ಕರಗಿ ಮೋರಿಗಿಳಿಯುತ್ತಿತ್ತು,
ಯಂತ್ರದ ಸದ್ದು ಶೆಡ್ಡಿನ ತುಂಬ.
ಅವನ ಕಣ್ಣಿಗೆ ಬೀಳುವಂತೆ ಸರಿದು
ತುಟಿ ಬಿಡಿಸಿ ಕೇಳಿದೆ:
ಕತ್ತರಿ. ಅಲ್ಲಿ. ಕಿಟಕಿಯ ಮೇಲೆ.

ಅವನು ಕಿವಿ ಮುಟ್ಟಿ ತೋರಿಸಿ
ತಲೆಯಾಡಿಸಿದ.