ನಡುವಿನ ನಿಲ್ದಾಣ

ಮಂಡ್ಯದಿಂದ ಮೈಸೂರಿಗೆ ಹತ್ತೊಂಬತ್ತು ವರ್ಷದ ಪಾಸು.
ಕೋಟೆ ಬಂತೆಂದರೆ ತಿಂಡಿ ಡಬ್ಬಿ ಮುಚ್ಚುವ ಹೊತ್ತು;
ಶ್ರೀರಂಗಪಟ್ಟಣ ನನಗೆ ಅಷ್ಟೇ.

ಈ ಧನುರ್ಮಾಸ ರಜೆ ಹಾಕಿ ಇಳಿದೇಬಿಟ್ಟೆವು:
ನಾನು, ಚೆಲುವಾಂಬ, ಎರಡು ರಾತ್ರಿಗೆ ಒಂದು ಬ್ಯಾಗು.
"ಇಷ್ಟು ಹತ್ತಿರಕ್ಕೆ ಲಾಡ್ಜಾ?"
ವಿಳಾಸ ಎರಡು ಸಲ ಓದಿ ಬೀಗದಕೈ ಕೊಟ್ಟ ಮ್ಯಾನೇಜರು.
ಕಂಬಳಿಗೆ ನುಸಿಗುಳಿಗೆಯ ವಾಸನೆ.
ರಾತ್ರಿಯೆಲ್ಲ ಪಾದಕ್ಕೆ ಪಾದ ಒತ್ತಿಕೊಂಡರೂ
ಕಾಲು ಬೆಚ್ಚಗಾಗಲಿಲ್ಲ, ನಗು ನಿಲ್ಲಲಿಲ್ಲ.

ಬೆಳಿಗ್ಗೆ ಮಂಜು. ಹೊಳೆ ಇದೆಯೆಂದು ಸದ್ದಷ್ಟೇ ಹೇಳಿತು.
ಗೋಡೆ ಒಡೆದ ಜಾಗ ತೋರಿಸಿ ಆಟೋ ನಯಾಜ್
"ಇಲ್ಲೇ ಸಾರ್ ನುಗ್ಗಿದ್ದು" ಅಂದ, ತಾನೇ ತಡೆದು ಸೋತವನ ಹಾಗೆ.
ಅಲ್ಲೀಗ ಮೇಕೆಯೊಂದು ನುಗ್ಗುತ್ತಿತ್ತು, ಮರಿಗಳ ಸಮೇತ.
ಕಲ್ಲಿಗೆ ಕೆನ್ನೆಯಿಟ್ಟು ಚೆಲುವಾಂಬ
"ಫ್ರಿಜ್ಜು" ಅಂದಳು.
ಇತಿಹಾಸದ ಬಗ್ಗೆ ಅವಳ ಮಾತು ಅದೊಂದೇ.

ಆಮೇಲೆ ನೆಲ ಸಣ್ಣಗೆ ನಡುಗಿತು.
ನನ್ನ ಗಾಡಿ.
ನಾಲ್ಕನೇ ಬೋಗಿ, ಎಡಗಡೆ ಕಿಟಕಿ:
ನನ್ನ ಸೀಟಿನಲ್ಲಿ ಮಂಕಿ ಕ್ಯಾಪು ಹಾಕಿದ ಯಾರೋ
ತಲೆ ತಗ್ಗಿಸಿ ಡಬ್ಬಿ ಮುಚ್ಚುತ್ತಿದ್ದ.

ಕೈ ಬೀಸಿದೆ.
"ಯಾರದು?" ಅಂದಳು ಚೆಲುವಾಂಬ.
"ನಮ್ಮವರೇ."