ಎನ್ನಲಾದ

ಹಾಸನದ ರೈಲು ನಿಲ್ದಾಣದ ಹಳದಿ ಹಲಗೆಯಲ್ಲಿ
ಊರ ಹೆಸರಿನ ಕೆಳಗೆ, ಸಣ್ಣಕ್ಷರದಲ್ಲಿ,
ಸಮುದ್ರ ಮಟ್ಟದಿಂದ ಎಷ್ಟು ಮೇಲಿದ್ದೇವೆಂದು ಬರೆದಿದೆ.
ಸಮುದ್ರ ಇಲ್ಲಿಯವರೆಗೆ ಬಂದದ್ದು ಅಷ್ಟೇ.
ಮಿಕ್ಕದ್ದು ಒಣಮೀನಿನ ಬುಟ್ಟಿಯಲ್ಲಿ, ಸಂತೆಗೆ.

ಆದರೂ ಸೋಮವಾರ, ಗುರುವಾರ, ಸಂಜೆ ಐದೂವರೆಗೆ
ನಾನು ಕಡಲ ಕಾನೂನು ಕಲಿಸುತ್ತೇನೆ.
ಇಪ್ಪತ್ತೊಂದು ಮಂದಿ. ಕಡಲು ಕಂಡವರು ನಾಲ್ವರು,
ಅದೂ ಧರ್ಮಸ್ಥಳ ಮುಗಿಸಿ, ಪಣಂಬೂರಿನಲ್ಲಿ
ಪ್ಯಾಂಟು ಮಡಚಿ ಕಾಲು ನೆನೆಸಿಕೊಂಡವರು.

ಬೋರ್ಡಿನ ಮೇಲೆ ಬಾಗಿದ ಗೆರೆ: ಇದು ದಡ, ಇದು ಕೊಲ್ಲಿ.
ಬಾಯಿ ಇಪ್ಪತ್ನಾಲ್ಕು ಮೈಲಿಗಿಂತ ಅಗಲವಿದ್ದರೆ
ಇಡೀ ಕೊಲ್ಲಿ ನನ್ನ ಮನೆಯಂಗಳ ಎನ್ನುವಂತಿಲ್ಲ.
ಹಿಂದಿನ ಕಾಲದಲ್ಲಿ
ಫಿರಂಗಿ ಗುಂಡು ಹೋಗಿ ಬಿದ್ದಷ್ಟು ನೀರು ದೊರೆಯದು.
ಗುಂಡು ಮುಳುಗುತ್ತಿತ್ತು, ಹಕ್ಕು ತೇಲುತ್ತಿತ್ತು.

ಆಮೇಲೆ ಆ ಉಪವಿಧಿ, ಒಂದೇ ಸಾಲು:
ಮೇಲಿನ ಅಳತೆ ಯಾವುದೂ ಅನ್ವಯಿಸದು
‘ಚಾರಿತ್ರಿಕ’ ಎನ್ನಲಾದ ಕೊಲ್ಲಿಗಳಿಗೆ.
ಚಾರಿತ್ರಿಕ ಎಂದರೇನು? ಬರೆದಿಲ್ಲ.
ಎಷ್ಟು ವರ್ಷವಾದರೆ? ಬರೆದಿಲ್ಲ.
ಎನ್ನಲಾದ. ಪತ್ರಿಕೆಯವರು ಸಿಕ್ಕಿಬಿದ್ದ ಕಳ್ಳನಿಗೆ
ಕೋರ್ಟು ಮುಗಿಯುವ ತನಕ ತೊಡಿಸುವ ಅಂಗಿ.

ಪರೀಕ್ಷೆಗೆ ಇಷ್ಟು ಸಾಕು, ಹತ್ತು ಅಂಕ:
ಎಲ್ಲರ ಕಣ್ಣೆದುರು ಆಳಿರಬೇಕು,
ಬಿಡದೆ ಆಳಿರಬೇಕು,
ಉಳಿದವರು ಸುಮ್ಮನಿದ್ದಿರಬೇಕು.
ಮೌನ ಸಮ್ಮತಿ, ಎಂದು ಸೀಮೆಸುಣ್ಣ ಇಟ್ಟೆ.

ಕೊನೇ ಬೆಂಚಿನಿಂದ ಸುಕನ್ಯಾ ಎದ್ದಳು.
‘ಸರ್, ನಮ್ಮಜ್ಜಿಗೆ ಒಂದು ಕಲ್ಲಿದೆ.’

ನಕ್ಕರು. ನಾನೂ ಸ್ವಲ್ಪ.
ದುದ್ದದ ಕಡೆಯ ಕೆರೆ. ತೂಬಿನಿಂದ ಮೂರನೆಯ ಕಲ್ಲು,
ಮಡಿವಾಳರ ಚಿಕ್ಕತಾಯಮ್ಮನದು,
ಅವಳಿಗಿಂತ ಮೊದಲು ಅವಳತ್ತೆಯದು, ಅತ್ತೆಯ ಅತ್ತೆಯದು.
ಬೇರೆ ಯಾರಾದರೂ ಬಟ್ಟೆ ಹರವಿದರೆ
ಅಜ್ಜಿ ಮಾತಾಡುವುದಿಲ್ಲ, ಎತ್ತಿ ದಡಕ್ಕಿಡುತ್ತಾಳೆ
(ಪರದೇಶದ ಹಡಗು ತಡೆದಂತೆ, ಅಂದುಕೊಂಡೆ).
ಬೇಸಿಗೆಯಲ್ಲಿ ನೀರು ಒಳಸರಿದು
ಕಲ್ಲು ಬಿರುಕುಮಣ್ಣಿನ ನಡುವೆ ಕೂತಾಗಲೂ
ಅದು ಅವಳದೇ, ಆಡು ಕೂಡ ಸುತ್ತಿ ಹೋಗುತ್ತದೆ.

ಈಗ ಕೆರೆಗೆ ಬೇಲಿ. ನಡೆಯುವವರಿಗೆ ಹಾದಿ,
ಪೆಡಲು ದೋಣಿಗೆ ಟೆಂಡರು,
ಬಟ್ಟೆ ಒಗೆಯುವುದನ್ನು ನಿಷೇಧಿಸಿದೆ ಎಂಬ ಹಲಗೆ.
‘ಅಜ್ಜಿ ಏನಂದರು?’
‘ಓದಲು ಬರಲ್ಲ ಸರ್. ಏನೂ ಅನ್ನಲಿಲ್ಲ.’

ನನ್ನ ಬೆನ್ನ ಹಿಂದೆ, ಬೋರ್ಡಿನ ಮೇಲೆ,
ಎರಡು ಪದ ಬಿಳುಪಾಗಿ ನಿಂತಿದ್ದವು.

ಭಾನುವಾರ ಹೋದೆ. ಬೇಲಿಯ ಒಂದು ತಂತಿ
ಆಗಲೇ ತಗ್ಗಿತ್ತು, ಸೊಂಟ ಬಗ್ಗಿಸಿದ ಒಬ್ಬರು ದಾಟುವಷ್ಟು.
ಕಲ್ಲಿನ ನಡುವೆ ಗುಳಿ, ಬೊಗಸೆಯಷ್ಟು,
ಅದರಲ್ಲಿ ನೀಲಿಯ ಗೆರೆಯೊಂದು ಮಾಸದೆ ಉಳಿದಿತ್ತು.
ದಾಖಲೆ ಇದೆಯಾ ಅಜ್ಜಿ? ನಕ್ಷೆ? ಕಂದಾಯದ ರಸೀದಿ?
‘ಜಗಳ ಐತೆ,’ ಅಂದಳು. ‘ಪಟೇಲ್ರ ಸೊಸೆ ಜೊತೆ,
ಮೂರ್ ದಿನ. ಊರೋರೆಲ್ಲ ನೋಡವ್ರೆ.
ಆಮೇಲಿಂದ ಆವಮ್ಮ ನಾಕನೇ ಕಲ್ಲು.’
ನಾನು ಬರೆದುಕೊಳ್ಳುತ್ತಿದ್ದಂತೆ ಹತ್ತಿರ ಬಂದು
ನನ್ನ ಕಾಲರು ಹೊರಮಗುಚಿ ನೋಡಿದಳು.
‘ಯಾರ್ ಸ್ವಾಮಿ ಒಗ್ಯಾದು? ಉಜ್ಜೇ ಇಲ್ವಲ್ಲ.’

ಕಳೆದ ವಾರ ಉತ್ತರಪತ್ರಿಕೆ ತಿದ್ದಿದೆ.
ಸುಕನ್ಯಾ ಮೂರೂ ಅಂಶ ನಾನು ಹೇಳಿದಂತೆಯೇ ಬರೆದಿದ್ದಾಳೆ.
ಕೊನೆಯದರ ಪಕ್ಕ, ಉಳಿದವರ ಮೌನ ಎಂಬಲ್ಲಿ,
ಪೆನ್ಸಿಲಿನಲ್ಲಿ, ಅಳಿಸಲೆಂದು ಮರೆತಂತೆ: ಯಾರ?

ಎರಡು ಸಲ ಓದಿದೆ.
ಹತ್ತಕ್ಕೆ ಒಂಬತ್ತು ಕೊಟ್ಟೆ.
ಆ ಒಂದು ಯಾಕೆ ಹೋಯಿತು, ಬರೆದಿಲ್ಲ.